ಹತ್ತೂವರೆಗೆ ಅಕಸ್ಮಾತ್ ಭೇಟಿ

ಹೆತ್ತೂರಿನಲ್ಲಿ ಇರುವೆ ಸೀನಿದರೂ ಬಾಳ್ಳುಪೇಟೆಯಲ್ಲಿ ಕೂತು ಕೇಳಿಸಿಕೊಳ್ಳುವ ಕಿವಿ ಮೆಣಸಿನ ವ್ಯಾಪಾರಿ ಹುಸೇನರದು. ಆವತ್ತು ಬಸ್ ನಿಲ್ದಾಣದಲ್ಲಿ ಅವರ ಪಕ್ಕದ ಬೆಂಚಿನಲ್ಲೇ ಎಸ್ಟೇಟಿನ ಸೆವೆರಿನಮ್ಮ, ಇಗರ್ಜಿಯ ಫಾದರ್ ವಲೇರಿಯನ್ನರನ್ನು ಹಿಡಿದು ಕೂರಿಸಿಕೊಂಡಿದ್ದರು.

"ಫಾದರ್, ಐರ್ಲೆಂಡಲ್ಲಿ ನನ್ ಮಗಳು ಹುಡುಗೀನೇ ಮದ್ವೆ ಆಗವ್ಳೆ. ಅಲ್ಲಿ ಸರ್ಕಾರನೇ ಸರ್ಟಿಫಿಕೇಟ್ ಕೊಟ್ಟೈತೆ. ನಾಳೆ ಇಬ್ರೂ ಬತ್ತಾರೆ, ಆಶೀರ್ವಾದ ಮಾಡ್ಬುಡಿ."

"ಇಗರ್ಜಿ ಅದನ್ನ ಮದ್ವೆ ಅಂತ ಒಪ್ಪಲ್ಲ ಕಣಮ್ಮ. ದಾರೀಲಿ ಅಕಸ್ಮಾತ್ ಸಿಕ್ಕಿ ಕೇಳಿದ್ರೆ ಸಣ್ಣದೊಂದು ಆಶೀರ್ವಾದ ಮಾಡ್ಬೌದು ಅಂತ ರೋಮಿಂದ ಅಪ್ಪಣೆ ಐತೆ."

"ಅಕಸ್ಮಾತ್ ಎಷ್ಟು ಗಂಟೆಗೆ ಸಿಗ್ತೀರಿ?"

"ಹತ್ತೂವರೆಗೆ. ಆ ಹಣ್ಣಿನಂಗಡಿ ಮುಂದೆ."

"ನೂರೈವತ್ತು ಜನಕ್ಕೆ ಹೇಳ್ಬುಟ್ಟಿದೀನಿ."

"ಅಷ್ಟು ಜನ ಅಕಸ್ಮಾತ್ ಹೆಂಗೆ ಸೇರ್ತಾರಮ್ಮ?"

"ಎಲ್ರೂ ಬಾಳೆಹಣ್ಣು ಕೊಳ್ಳಾಕೆ ಬತ್ತಾರೆ ಬುಡಿ."

"ಹಾರ ಬ್ಯಾಡ, ಉಂಗುರ ಬ್ಯಾಡ, ಮದ್ವೆ ಸೀರೆ ಬ್ಯಾಡ."

"ಎಲ್ಲಾ ಬುಟ್ಟೆ ಫಾದರ್. ಆರು ವರ್ಷ ಆದ್ಮೇಲೆ ಬತ್ತಾವ್ಳೆ. ತಲೆ ಮೇಲೆ ಕೈ ಇಡಲ್ಲ ಅಂತ ಮಾತ್ರ ಅನ್ಬ್ಯಾಡಿ."

ಫಾದರ್ ಹಣ್ಣಿನಂಗಡಿಯತ್ತ ನೋಡಿದರು.

"ನಾನು ನೋಡಿದ ತಕ್ಷಣ ಆಶ್ಚರ್ಯ ಪಡ್ಬೇಕಲ್ಲ. ನಂಗದು ಬರಲ್ಲ."

"ಈಗ್ಲೇ ಒಂದ್ಸಲ ಪಡಿ, ನೋಡನ."

ಫಾದರ್ ಹಣ್ಣಿನಂಗಡಿಯವರೆಗೂ ನಡೆದು, ಗಕ್ಕನೆ ತಿರುಗಿ, ಲಾರಿಗಳೇ ಬ್ರೇಕು ಹಾಕುವಂತೆ ಬೆಚ್ಚಿಬಿದ್ದರು.

"ಒಸಿ ಕಮ್ಮಿ ಮಾಡ್ಕಳಿ."

ಅಷ್ಟರಲ್ಲಿ ಸಕಲೇಶಪುರದ ಬಸ್ಸು ಬಂತು. ಫಾದರ್ ಮೆಟ್ಟಿಲು ಹತ್ತಿ ತಿರುಗಿದರು.

"ಇಬ್ರ ತಲೆ ಮೇಲೂ ಇಡ್ತೀನಿ ಕಣಮ್ಮ. ದೇವ್ರು ಎರಡು ಕೈ ಕೊಟ್ಟವ್ನಲ್ಲ."