ಗೋಡೆ ಬಿಟ್ಟು ನಿಂತ ನಕ್ಷೆ

...ನಗಬೇಡ. ನಗೋ ಮಾತಲ್ಲ ಇದು. ಅಷ್ಟು ಜನರ ಮುಂದೆ ನಿಂತು ಒಡಹುಟ್ಟಿದ ಅಣ್ಣನ ಮಾನ ಕಳೆದುಬಿಟ್ಟೆಯಲ್ಲೇ! ಏನೂ ಗೊತ್ತಿಲ್ಲದವಳ ಹಾಗೆ ಕಣ್ಣು ಕಣ್ಣು ಬಿಡ್ತೀಯಲ್ಲ? ನಿನ್ನೆ ಚರ್ಚಿನಲ್ಲಿ ಬೈಬಲ್ ಪಾಠ ಓದಿದ್ದು ಯಾರು? ನೀನು. ಓದಿದ್ದು ಏನು? ಯೆಹೆಜ್ಕೇಲ! ಅಷ್ಟು ದಪ್ಪ ಪುಸ್ತಕದಲ್ಲಿ ಬೇರೆ ಪ್ರವಾದಿಗಳೇ ಸಿಗಲಿಲ್ವಾ ನಿನಗೆ? ಸಮಾಧಾನ ಹೇಳೋ ಯೆಶಾಯ ಇಲ್ವಾ? ಮೀನಿನ ಹೊಟ್ಟೆ ಸೇರಿದ ಯೋನ ಇಲ್ವಾ? ನಿನ್ನ ಶಾಲೆ ಮಕ್ಕಳಾದ್ರೂ ಖುಷಿಯಾಗಿ ಕೇಳ್ತಿದ್ವು!

ಸ್ವಲ್ಪ ಈ ಕಡೆ ಬಂದು ಕೂತ್ಕೋ. ಅಲ್ಲಿ... ಅಲ್ಲಿ ಗಾಳಿ ಬಡಿಯುತ್ತೆ. ನಿನಗೆ ಮೊದಲೇ ಶೀತ. ಬಾ ಅಂದ್ನಲ್ಲ!

ಹೂಂ. ಏನು ಹೇಳ್ತಿದ್ದೆ? ಹಾಂ, ನೀನು ಓದಿದ ಪಾಠ. ಜನ ಸೊಟ್ಟ ಗೋಡೆ ಕಟ್ತಾರಂತೆ, ಸುಳ್ಳು ಪ್ರವಾದಿಗಳು ಬಂದು ಅದಕ್ಕೆ ಸುಣ್ಣ ಬಳಿದು, ಏನೂ ಆಗಲ್ಲ, ಎಲ್ಲಾ ಕ್ಷೇಮ ಅಂತಾರಂತೆ. ಆಮೇಲೆ ಮಳೆ ಬಂದು ಗೋಡೆ ಬಿದ್ದಾಗ ದೇವರು ಕೇಳ್ತಾನಂತೆ, ನೀವು ಬಳಿದ ಸುಣ್ಣ ಎಲ್ಲಿ ಅಂತ. ಸರಿಯಾಗಿ ಅಲ್ಲಿಗೆ ಬಂದಾಗ ನೀನು ತಲೆ ಎತ್ತಿ ನೇರ ನನ್ನನ್ನೇ ನೋಡಿದೆ. ಇಲ್ಲ ಅನ್ಬೇಡ! ಮೂರನೇ ಬೆಂಚು, ಕಂಬದ ಪಕ್ಕ. ನನ್ನ ಬೆನ್ನ ಹಿಂದೆ ಬಡಗಿ ಕೆಮ್ಮಿದ. ಯಾಕೆ ಕೆಮ್ಮಿದ ಅವನು? ಇಲ್ಲಿ ಗಾರೆ ಕೆಲಸದವನು ಅಂದ್ರೆ ನಾನೊಬ್ಬನೇ. ಈ ಬೇಸಿಗೆ ರಜೆಯಲ್ಲಿ ನಿನ್ನ ಈ ಶಾಲೆ ಕೋಣೆಗೆ ಸುಣ್ಣ ಬಳಿದದ್ದು ಯಾರು ಅಂತ ಇಡೀ ಸಭೆಗೇ ಗೊತ್ತು.

ಏನಿದು ಕಾಗದ? ಕನ್ನಡಕ ಮನೇಲಿದೆ, ಬೆರಳಿಟ್ಟು ತೋರಿಸು. ಚರ್ಚಿನ ವರ್ಷದ ಪಾಠಪಟ್ಟಿ... ಯಾವ ಭಾನುವಾರ ಯಾವ ಅಧ್ಯಾಯ... ನಿನ್ನೆಯ ತಾರೀಖು... ಯೆಹೆಜ್ಕೇಲ, ಹದಿಮೂರು. ಇದು ಯಾವಾಗ ಅಚ್ಚಾಗಿದ್ದು? ಹೋದ ವರ್ಷವೇ? ನಾನು ಈ ಕೋಣೆಗೆ ಕಾಲಿಡೋ ಮುಂಚೆ?

ಹಾಗಾದ್ರೆ ನೀನು ಆರಿಸಿದ್ದಲ್ಲ. ನಿನಗೆ ಏನೂ ಗೊತ್ತೇ...

ಹ್ಹ! ಎಂಥ ಪೆದ್ದ ನೋಡು ನಾನು. ತಿಂಗಳಿಗೊಮ್ಮೆ ಚರ್ಚಿಗೆ ಬರೋನಿಗೆ ಪಟ್ಟಿ ಗಿಟ್ಟಿ ಏನು ಗೊತ್ತಾಗುತ್ತೆ? ಬೆಳಬೆಳಿಗ್ಗೆ ಬಂದು ಜಗಳಕ್ಕೆ ನಿಂತುಬಿಟ್ಟೆ. ಮರೆತುಬಿಡು. ಮಕ್ಕಳು ಎಷ್ಟು ಹೊತ್ತಿಗೆ ಬರ್ತಾರೆ? ಒಂಬತ್ತಕ್ಕಾ? ಇವತ್ತೊಂದಿನ ಅಂಗಳದಲ್ಲಿ ಪಾಠ ಮಾಡೇ. ಬಿಸಿಲು ಹಿತವಾಗಿದೆ. ಸುಮ್ಮನೆ ಹೇಳಿದೆ. ಸುಮ್ಮನೆ...

ಏನು ನೋಡ್ತಿದ್ದೀಯ? ಗೋಡೆಗೆ ತೂಗುಹಾಕಿದ ನಕ್ಷೇನಾ? ಅದರಲ್ಲೇನಿದೆ, ಅದೇ ಸಮುದ್ರ, ಅದೇ ಬೆಟ್ಟ... ಮುಟ್ಟಬೇಡ! ಕೈ ತೆಗಿ ಅಲ್ಲಿಂದ!

...ಎರಡು ಬೆರಳು ಸಂದು. ಅಳತೆ ಮಾಡ್ಬೇಡ, ನನಗೆ ಗೊತ್ತು. ಶಾಲೆ ತೆರೆದಾಗ ಪೂರ್ತಿ ಗೋಡೆಗೆ ಒರಗಿಕೊಂಡಿತ್ತು. ಈಗ ಮೇಲೆ ಮೊಳೆ ಹತ್ರ ಅಂಟಿದೆ, ಕೆಳಗಿನ ಕೋಲು ಗೋಡೆ ಬಿಟ್ಟು ನಿಂತಿದೆ. ಹೋದ ವಾರ ನೀನೇ ಕೇಳಿದೆ, ಅಣ್ಣಾ, ಇದ್ಯಾಕೆ ಹೀಗೆ ಅಂತ. ಕಾಗದ ಸುರುಳಿ ಸುತ್ತಿದೆ ಅಂದೆ. ಕಾಗದ ಅಲ್ಲ ಕಣೇ. ನಕ್ಷೆ ನೆಟ್ಟಗೇ ಇದೆ. ಗೋಡೆಯ ತಲೆ ಒಳಗೆ ಬಾಗ್ತಾ ಇದೆ.

ಹಾಗೆ ನೋಡ್ಬೇಡ. ಬೈಯಿ ಬೇಕಾದ್ರೆ. ನಾನು ಬೇಸಿಗೆಯಲ್ಲೇ ನೋಡಿದ್ದೆ. ಹಳೇ ಗಾರೆ ಕಿತ್ತಾಗ ಬಿರುಕು ಕಾಣ್ತು, ಮೂಲೆಯಿಂದ ಕಿಟಕಿವರೆಗೆ, ಬೆರಳು ತೂರೋ ಅಷ್ಟು ಅಗಲ. ಗೋಡೆ ನೆಟ್ಟಗಿದೆಯಾ ಅಂತ ಗುಂಡು ಕಟ್ಟಿದ ದಾರ ಇಳಿಬಿಟ್ಟು ನೋಡಿದೆ, ಎರಡು ಸಲ. ಅಪ್ಪ ಕಟ್ಟಿದ ಗೋಡೆಗೆ ಅಪ್ಪನದೇ ನೂಲುಗುಂಡು! ಬುಡ ಅಗೆದೆ. ಪಾಯವೇ ಸರಿಯಿಲ್ಲ ಪುಟ್ಟಿ. ಮೂಲೆಯಲ್ಲಿ ಬರೀ ಜಲ್ಲಿ ಸುರಿದು ಮುಚ್ಚಿದ್ದಾನೆ. ಅಪ್ಪ! ಸೊಟ್ಟ ಕಲ್ಲು ಕಂಡ್ರೆ ನಮಗೆ ಬೈತಿದ್ದ ಅಪ್ಪ! ಅಷ್ಟರಲ್ಲಿ ಪಾದ್ರಿಗಳು ಬಂದ್ರು. ನಿಮ್ಮ ತಂದೆ ಕೈಯ ಗೋಡೆ, ನೂರು ವರ್ಷ ಏನೂ ಆಗಲ್ಲ ಅಲ್ವಾ ಅಂದ್ರು. ನಾನು... ಏನೂ ಆಗಲ್ಲ ಅಂದೆ. ಅಪ್ಪನ ಹೆಸರು ಕೆಡಿಸೋಕೆ ನಾಲಿಗೆ ಏಳಲಿಲ್ಲ. ಬಿರುಕು ತುಂಬಿದೆ, ಗಾರೆ ಮೆತ್ತಿದೆ, ಸುಣ್ಣ ಬಳಿದೆ. ಎಷ್ಟು ಬೆಳ್ಳಗಿದೆ ಅಂತ ನೀನೂ ಹೊಗಳಿದೆ. ಆಮೇಲಿಂದ ನಾಲ್ಕು ಹನಿ ಬಿದ್ರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಓಡಿ ಬಂದು ಆ ಕಿಟಕೀಲಿ ಇಣುಕ್ತಿದ್ದೆ. ಅಣ್ಣನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂದ್ಕೊಂಡೆ ನೀನು.

ಯಾಕೆ ಎದ್ದೆ? ಆ ಬೆಂಚು ಯಾಕೆ ಎಳೀತಿದ್ದೀಯ? ಅಯ್ಯೋ, ಗೋಡೆ ಪಕ್ಕದ್ದು ಅದು! ಬಿಡು, ಬಿಡೇ, ನಾನು ತರ್ತೀನಿ! ಮಕ್ಕಳ ದನಿ ಕೇಳ್ತಿದೆ, ಗೇಟಿಗೆ ಬಂದ್ರು. ನೀನು ಓಡು. ಒಬ್ಬರನ್ನೂ ಒಳಗೆ ಬಿಡ್ಬೇಡ. ಪಾದ್ರಿಗಳನ್ನೂ ಕರಿ. ನಾನೇ ಹೇಳ್ತೀನಿ ಅವರಿಗೆ... ಇಲ್ಲ, ಅಪ್ಪನ ವಿಷಯ ಅಲ್ಲ. ಅಪ್ಪ ಸೊಟ್ಟ ಕಟ್ಟಿದ, ಅಷ್ಟೇ. ಗೊತ್ತಿದ್ದೂ ಬಳಿದವನು ನಾನು.