ಗುಜರಿಯಿಂದ ತಂದ ಬೆಲ್ಟು

ಹತ್ತಿರ ಬನ್ನಿ... ಗಟ್ಟಿಯಾಗಿ ಹೇಳೋ ಮಾತಲ್ಲ ಇದು. ನಮ್ಮ ಎಲ್ಡನ್ ಇದಾನಲ್ಲ, ನನ್ನ ದೊಡ್ಡಪ್ಪನ ಮಗ, ಅವನಿಗೆ ಆಗಿದ್ದು. ಅರ್ಧ ನನಗೂ ಆಗಿದ್ದೇ ಅನ್ನಿ.

ಅವತ್ತು ಹೋಟ್ಲು ಬಾಗಿಲು ಹಾಕಿ, ಹಳೇ ಕಲ್ಲು ಕ್ವಾರಿ ಪಕ್ಕದ ದಾರೀಲಿ ಒಬ್ಬಳೇ ಮನೆಗೆ ನಡ್ಕೊಂಡು ಬರ್ತಿದ್ದೆ. ಒಂದು ಕಡೆ ಜೋಳದ ಹೊಲ. ಇನ್ನೊಂದು ಕಡೆ ತುಕ್ಕು ಹಿಡಿದ ತಂತಿಬೇಲಿ, ಅದರಾಚೆ ನೀರು ತುಂಬಿದ ಹೊಂಡ. ಹಿಂದಿನಿಂದ ಸದ್ದು ಬಂತು... ಟಿಕ್ ಟಿಕ್ ಟಿಕ್... ಕಟಕ್... ಕುಂಯ್... ತಿರುಗಿ ನೋಡೋದೇ ಬೇಡ. ಓಹಾಯೋ ರಾಜ್ಯ ಪೂರ್ತಿ ಹುಡುಕಿದ್ರೂ ಆ ಮೂರು ಸದ್ದು ಒಟ್ಟಿಗೆ ಮಾಡೋ ಗಾಡಿ ಒಂದೇ. ಎಲ್ಡನ್‌ನ ನಾಲ್ಕು ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರು.

ಹೊಸದರಲ್ಲಿ ಹುಲಿ. ಈಗ ಬಿಳಿ ಆನೆ. ಟಿಕ್ ಟಿಕ್ ಅಂದ್ರೆ ಎಂಜಿನ್ನು ಆಯಿಲ್ ಕುಡೀತಿದೆ ಅಂತ. ಕಟಕ್ ಅಂದ್ರೆ ಮುಂದಿನ ಚಕ್ರದ ಬುಷ್ ಹೋಗಿದೆ. ಕುಂಯ್ ಅನ್ನೋದು ವಾಟರ್ ಪಂಪು. ಅದೊಂದಕ್ಕೇ ಸಾವಿರ ಡಾಲರ್ ಕೇಳಿದ್ರು. ಬಲಗಡೆ ಮುಂದಿನ ಕಿಟಕಿ ಗಾಜು ಬಾಗಿಲೊಳಗೇ ಜಾರಿಬಿದ್ದು, ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದ. ಎಂಜಿನ್ ಬಿಸಿಯಾದ್ರೆ ನಡುದಾರೀಲಿ ಸುಮ್ಮನೆ ನಿಂತುಬಿಡೋದು. ರಿಪೇರಿ ಅಂದ್ರೆ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ. ಹೇಳಿದ್ರೆ ಮೈಮೇಲೆ ಬರ್ತಿದ್ದ, ಪುಣ್ಯಾತ್ಮ.

"ಹತ್ಕೊಳ್ಳೇ," ಅಂದ. ಹಿಂದೆ ಕೂತೆ. ಮುಂದೆ ಅವನ ಬಲಗಡೆ ಸೀಟಲ್ಲಿ ಮಗಳು ಜೋಲೀನ್. ಆಗಷ್ಟೇ ಲೈಸೆನ್ಸ್ ಸಿಕ್ಕಿತ್ತು, ಗಾಡಿ ಇನ್ನು ಅವಳಿಗೇ ಅಂತ ಮಾತಾಗಿತ್ತು.

"ಅತ್ತೆ, ನನ್ನ ಹೊಸ ಸೀಟ್ ಬೆಲ್ಟು ನೋಡು," ಅಂದ್ಲು. "ಹೊಸದು ಅಂದ್ರೆ... ಗುಜರೀದು!"

ನಾನು ಮುಂದಕ್ಕೆ ಬಗ್ಗಿದೆ. "ಎಲ್ಲಿಂದ ತಂದ್ಯೋ?"

"ಮ್ಯಾವಿಸ್‌ಳ ಗುಜರಿ ಅಂಗಡಿಯಿಂದ. ಹೊಸದಕ್ಕೆ ನಾನೂರು ಡಾಲರ್ ಹೇಳ್ತಾರೆ, ಕಳ್ಳನನ್ಮಕ್ಳು. ಅಲ್ಲಿ ಹದಿನೈದು."

"ಯಾವ ಗಾಡೀದು?"

"ಇದೇ ಥರದ್ದು. ಬೂದು ಬಣ್ಣದ್ದು."

"ಮ್ಯಾವಿಸ್ ಬೇಡ ಅನ್ಲಿಲ್ವಾ?"

"ಅಂದ್ಲು. ಮುದುಕಿಗೆ ಅರಳು ಮರಳು."

ನೋಡಿ, ಜಜ್ಜಿದ ಗಾಡಿಯಿಂದ ನಮ್ಮ ಜನ ಏನು ಬೇಕಾದ್ರೂ ಬಿಚ್ಕೋತಾರೆ. ದೀಪ, ಬಾಗಿಲು, ಎಂಜಿನ್ನು. ಆದ್ರೆ ಒಂದ್ಸಲ ಪೆಟ್ಟು ತಿಂದ ಬೆಲ್ಟು ಮಾತ್ರ ಯಾರೂ ಮುಟ್ಟಲ್ಲ. ಹಿಡೀಬೇಕಾದಾಗ ಹಿಡಿಯಲ್ಲ, ಬಿಡಬೇಕಾದಾಗ ಬಿಡಲ್ಲ ಅದು. ಎಲ್ಡನ್‌ಗೂ ಗೊತ್ತಿತ್ತು.

ಅದರಲ್ಲೂ ಆ ಬೂದು ಗಾಡಿ... ಅದರ ಯಜಮಾನ ಹೆಂಡ್ತಿಗೆ ಬಾಯಲ್ಲಿ ರಕ್ತ ಬರೋ ಹಾಗೆ ಹೊಡೆದು, ಎಳ್ಕೊಂಡು ಬಂದು ಸೀಟಿಗೆ ತಳ್ಳಿ, ಬೆಲ್ಟು ಬಿಗಿದು, ನೇರ ಓಕ್ ಮರಕ್ಕೆ ಗುದ್ದಿದ್ದ. ಅಗ್ನಿಶಾಮಕ ದಳದವರು ಬಂದಾಗ ಇಬ್ಬರೂ ಹೆಣ. ಅವನ ಕೈ ಅವಳ ಬೆಲ್ಟಿನ ಬಕಲ್ ಮೇಲೆ. ಬಿಚ್ಚೋಕೆ ಬಿಟ್ಟಿರಲಿಲ್ಲ. ಬೆರಳು ಮುರಿದು ಬಿಡಿಸಬೇಕಾಯ್ತಂತೆ.

ಇದನ್ನೇ ನಾನು ಎಲ್ಡನ್ ಕಿವೀಲಿ ಪಿಸುಗುಟ್ಟಿದೆ. ಜೋಲೀನ್‌ಗೆ ಕೇಳಿಸ್ತು.

"ನಿಲ್ಸು ಅಪ್ಪ. ನಾನು ಇಳೀತೀನಿ."

"ಬಾಯ್ಮುಚ್ಕೊಂಡು ಕೂತ್ಕೊ."

"ಹದಿನೈದು ಡಾಲರಿಗೆ ಮಗಳನ್ನ ಮಾರ್ಬಿಟ್ಯಲ್ಲ!" ಅಂತ ಬಕಲ್‌ಗೆ ಕೈ ಹಾಕಿದ್ಲು.

ಎಲ್ಡನ್ ಬಲಗೈ ಚಾಚಿ, ಬಕಲ್ಲನ್ನೂ ಅವಳ ಮಣಿಕಟ್ಟನ್ನೂ ಒಟ್ಟಿಗೆ ಅದುಮಿ ಹಿಡಿದ. "ಕೂತ್ಕೊ ಅಂದೆ!" ಮೂಳೆ ಲಟಕ್ ಅಂತು. ಹುಡುಗಿ ಕಿರುಚಿದ್ಲು...

ಎಂಜಿನ್ ನಿಂತ್ಹೋಯ್ತು.

ಯಾವ ಸದ್ದೂ ಇಲ್ಲ. ದೀಪ ಮಾತ್ರ ಉರೀತಿತ್ತು. ಎಲ್ಡನ್ ಬೈಕೊಂಡು ಇಳಿದು, ಬಾಗಿಲಿಗೆ ಒದ್ದು, ಮುಂದೆ ಹೋಗಿ ಬಾನೆಟ್ ಎತ್ತಿದ. ಅವನನ್ನ ಅಲ್ಲೇ ಕೊಂದುಬಿಡೋಷ್ಟು ಕೋಪ ನನಗೆ. ನಾನೂ ಇಳಿದೆ. "ಬಾ ಜೋಲೀನ್, ನಡೆದೇ ಹೋಗೋಣ."

"ಬಕಲ್ ಬಿಡ್ತಿಲ್ಲ ಅತ್ತೆ."

"ಜೋರಾಗಿ ಒತ್ತು."

"ಅತ್ತೆ..." ಪಿಸುದನಿ. "ಅಪ್ಪಂಗೆ ಕೈ ತೆಗಿಯೋಕೆ ಹೇಳು."

ಎಲ್ಡನ್ ಬಾನೆಟ್ ಮುಂದೆ ನಿಂತಿದ್ದ. ದೀಪದ ಬೆಳಕಲ್ಲಿ ಅವನ ಎರಡೂ ಕಾಲು ಕಾಣ್ತಿತ್ತು.

ಕರ್... ಬೆಲ್ಟು ಒಂದು ಸುತ್ತು ಬಿಗೀತು. ಕರ್... ಇನ್ನೊಂದು. ಜೋಲೀನ್‌ಳ ಉಸಿರು ಗೊರ್ ಅಂತು. ಆಮೇಲೆ ಗಾಡಿ ಚಲಿಸ್ತು. ಮಟ್ಟಸವಾದ ದಾರಿ. ತಳ್ಳೋರಿಲ್ಲ. ಎಲ್ಡನ್ ಮಂಡಿಗೆ ಧಡ್ ಅಂತ ಗುದ್ದಿ ಅವನನ್ನ ಪಕ್ಕಕ್ಕೆ ಎಸೆದು, ಬೇಲಿ ಕಡೆ ತಿರುಗ್ತು. ಹಿಂದಿನ ಬಂಪರ್ ಹಿಡ್ಕೊಂಡು ಜೋತುಬಿದ್ದೆ. ನನ್ನ ಹಿಮ್ಮಡಿ ಜಲ್ಲಿಕಲ್ಲಲ್ಲಿ ಉಜ್ಜಿ ಚರ್ಮ ಕಿತ್ತುಬಂತು.

ಎಲ್ಡನ್ ಕುಂಟ್ತಾ ಓಡಿಬಂದ. ಪರ್ರ್... ಪ್ಲಾಸ್ಟಿಕ್ ಹರಿದ. ಎಡಗೈಯಲ್ಲಿ ಗಾಡಿಯ ಚಾವಣಿ ಹಿಡಿದು, ಬಲಗೈಯಲ್ಲಿ ಜೇಬಿನ ಚಾಕು ಹಿಡಿದು, ಕಿಟಕಿಯೊಳಗೆ ನುಗ್ಗಿದ.

"ಬಿಡೋ! ನನ್ನ ಮಗಳನ್ನ ಬಿಡೋ, ಬೇವರ್ಸಿ!"

ಚಕ್... ಚಕ್... ಚಕ್... ಬೆಲ್ಟು ಕೊಯ್ಯೋ ಸದ್ದಲ್ಲ ಅದು. ಮಾಂಸಕ್ಕೆ ಚಾಕು ಇಳಿಯೋದನ್ನ ಹೋಟ್ಲಲ್ಲಿ ದಿನಾ ಕೇಳ್ತೀನಿ, ನನಗೆ ಗೊತ್ತಿಲ್ವಾ? ತಲೆ ಎತ್ತಿ ಹಿಂದಿನ ಗಾಜಲ್ಲಿ ನೋಡಿದೆ. ಡ್ರೈವರ್ ಸೀಟು ಖಾಲಿ. ಅಲ್ಲಿಂದ ಒಂದು ಕೈ ಚಾಚಿತ್ತು, ಮೊಣಕೈವರೆಗೆ ಮಾತ್ರ. ಬಕಲ್ ಬಿಡ್ತಿರಲಿಲ್ಲ. ಎಲ್ಡನ್ ಅದನ್ನೇ ಇರೀತಿದ್ದ, ಅಳ್ತಾ, ಹುಚ್ಚನ ಹಾಗೆ.

ಟಣ್! ಬೇಲಿ ಹರೀತು. ಅಷ್ಟರಲ್ಲಿ ಆ ಕೈ ಸಡಿಲಾಯ್ತು. ಎಲ್ಡನ್ ಬೆಲ್ಟು ಕೊಯ್ದು, ಮಗಳ ಕಂಕುಳಿಗೆ ಕೈ ಹಾಕಿ ಕಿಟಕಿಯಿಂದಲೇ ಎಳೆದ. ಇಬ್ಬರೂ ಜಲ್ಲಿ ಮೇಲೆ ಬಿದ್ರು. ನಾನು ಕೈಬಿಟ್ಟೆ. ಗಾಡಿ ಹೊಂಡಕ್ಕೆ ಬಿತ್ತು... ಧಡಾಲ್... ಬುಳು ಬುಳು ಬುಳು... ಮುಳುಗಿದ ಮೇಲೆ ನೀರೊಳಗೆ ಎಂಜಿನ್ ಸ್ಟಾರ್ಟ್ ಆಯ್ತು. ಸ್ವಲ್ಪ ಹೊತ್ತು ಓಡ್ತು.

ಜೋಲೀನ್ ಬದುಕಿದ್ಲು. ಮಣಿಕಟ್ಟು ಮುರಿದಿತ್ತು, ಹೆಗಲ ಮೂಳೆ ಮುರಿದಿತ್ತು, ಆದ್ರೆ ಉಸಿರಿತ್ತು. ಅಷ್ಟು ಸಾಕಿತ್ತು ನಮಗೆ.

ಆಸ್ಪತ್ರೇಲಿ ಡಾಕ್ಟರಮ್ಮ ಎಲ್ಡನ್‌ನ ರಕ್ತ ಒರೆಸಿದ್ಲು. ಬಲಗೈಯ ಹಿಂಬದಿಯಿಂದ ಅಂಗೈವರೆಗೆ ಮೂರು ತೂತು. ಚಾಕು ತೂರಿ ಆಚೆ ಬಂದಿತ್ತು.

"ಯಾರು ಇರಿದಿದ್ದು?"

"ನಾನೇ."

"ಚಾಕು ಯಾವ ಕೈಲಿತ್ತು?"

ಎಲ್ಡನ್, ಡಾಕ್ಟರಮ್ಮ ಹೊಲಿಗೆ ಹಾಕ್ತಿದ್ದ ಅದೇ ಬಲಗೈಯನ್ನ ಸ್ವಲ್ಪ ಎತ್ತಿದ.

ನಗಬೇಡಿ. ಅವನು ಇರಿದಿದ್ದು ಸೀಟಿಂದ ಚಾಚಿದ್ದ ಕೈಗೆ, ತೂತು ಬಿದ್ದಿದ್ದು ಅವನ ಕೈಗೆ. ಎಡಗೈ ಬೆಲ್ಟು ಕೊಯ್ಯೋವರೆಗೂ ಗಾಡಿ ಚಾವಣಿ ಮೇಲೇ ಇತ್ತು, ನನ್ನ ಕಣ್ಣೆದುರಿಗೇ. ನಾನು ಕುಡಿಯೋಳಲ್ಲ, ಕನಸು ಕಾಣೋಳೂ ಅಲ್ಲ. ಬೇಕಾದ್ರೆ ಭಾನುವಾರ ಅವನ ಮನೆಗೆ ಊಟಕ್ಕೆ ಹೋಗಿ ನೋಡಿ. ಜೋಲೀನ್ ಬಂದಿರ್ತಾಳೆ. ನಗ್ತಾಳೆ, ಅಪ್ಪನಿಗೆ ಮಾಂಸ ಕತ್ತರಿಸಿ ಕೊಡ್ತಾಳೆ. ಅವನ ಬಲಗಡೆ ಮಾತ್ರ ಕೂರಲ್ಲ.