ಅವಳ ಜೊತೆ ನಡೆಯುವವರು ಯಾರು?

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಪ್ರಾಂಶುಪಾಲರೇ, ಅಧ್ಯಾಪಕರೇ, ಕುರ್ಚಿ ಸಿಗದೆ ಗೋಡೆಗೊರಗಿ ನಿಂತಿರುವ ವಿದ್ಯಾರ್ಥಿಗಳೇ, ಸಭಿಕರೇ,

ನಾನು ಸಿಟಿ ಬಸ್ಸಿನ ಡ್ರೈವರು. ಹೆಚ್ಚು ಓದಿದವನಲ್ಲ. ಈ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನನ್ನ ಹೆಂಡತಿ ತೀರಿಹೋದ ಮೇಲೆ ಅವಳಿಗೆ ಸಲ್ಲಬೇಕಾದ ಸನ್ಮಾನದ ಫಲಕವನ್ನು ನನ್ನ ಕೈಗೆ ಕೊಡಲು ಕರೆದಿದ್ದೀರಿ. ಸಸ್ಯಶಾಸ್ತ್ರದವಳು ನಿಜ, ಆದರೆ ನಮ್ಮ ಮನೆಯ ಕುಂಡದಲ್ಲಿ ಒಂದು ಗಿಡವೂ ಬದುಕಲಿಲ್ಲ. ನೀರು ಹಾಕುವುದನ್ನು ಮರೆಯುತ್ತಿದ್ದಳು. ನೀವು ನಗಬಹುದು, ಅವಳೂ ನಗುತ್ತಿದ್ದಳು.

ಅಧ್ಯಕ್ಷರು ಈಗಷ್ಟೇ 'ನರವೈವಿಧ್ಯವುಳ್ಳ ವಿದ್ಯಾರ್ಥಿಗಳ ತಾಯಿ' ಎಂದು ಅವಳನ್ನು ಹೊಗಳಿದರು. ದೊಡ್ಡ ಮಾತು; ಮಿದುಳು ಬೇರೆ ರೀತಿಯಲ್ಲಿ ಕೆಲಸ ಮಾಡುವ ಮಕ್ಕಳು ಎಂದರ್ಥವಂತೆ. ಅವಳು ಆ ಪದ ಆಡಿದ್ದನ್ನು ನಾನು ಕೇಳಿಲ್ಲ. ಆಟಿಸಂ ಇರುವ ಒಬ್ಬ ವಿದ್ಯಾರ್ಥಿನಿಯ ಬಗ್ಗೆ ಅವಳು ಮನೆಯಲ್ಲಿ ಹೇಳಿದ್ದು ಇಷ್ಟೇ: "ಆ ಹುಡುಗಿಗೆ ಎದುರುಬದುರು ಕೂತ್ರೆ ಮಾತು ಬರಲ್ಲ. ಪಕ್ಕದಲ್ಲಿ ನಡೆದ್ರೆ ಬರುತ್ತೆ. ಇದರಲ್ಲಿ ಕಷ್ಟ ಏನಿದೆ ಹೇಳಿ?"

ಕಷ್ಟ ಏನಿದೆ? ನಾನೂ ಇವತ್ತು ಅದನ್ನೇ ಕೇಳಲು ಬಂದಿದ್ದೇನೆ.

ಆ ಹುಡುಗಿ ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಮೂವರು ಪರೀಕ್ಷಕರ ಮುಂದೆ ಕೂತು ಬಾಯಿ ಬಿಡಲಿಲ್ಲ. ಸೊನ್ನೆ ಬಂತು. ಮುಂದಿನ ಸಲ ನನ್ನ ಹೆಂಡತಿ ಅವಳನ್ನು ಕುರ್ಚಿಯಿಂದ ಎಬ್ಬಿಸಿ, ಕಾರಿಡಾರಿನಲ್ಲಿ ಜೊತೆಯಾಗಿ ನಡೆಯುತ್ತಾ ಪ್ರಶ್ನೆ ಕೇಳಿದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಗೊಣಗುತ್ತಾ ಹಿಂದೆ ಬಂದರಂತೆ. ಎರಡು ಸುತ್ತು ಮುಗಿಯುವಷ್ಟರಲ್ಲಿ ಅವರು ಗೊಣಗುವುದನ್ನು ಬಿಟ್ಟು, ಪಕ್ಕಕ್ಕೇ ಬಂದು ತಾವೇ ಪ್ರಶ್ನೆ ಕೇಳತೊಡಗಿದರಂತೆ. ಹುಡುಗಿ ನೆಲ ನೋಡುತ್ತಾ ಎಲ್ಲಕ್ಕೂ ಉತ್ತರ ಕೊಟ್ಟಳು.

ಆವತ್ತು ಇದೇ ಪ್ರಾಂಶುಪಾಲರು ನನ್ನ ಹೆಂಡತಿಯನ್ನು ಕರೆಸಿ, ಪರೀಕ್ಷೆಯ ಮರ್ಯಾದೆ ತೆಗೆದಿರಿ ಎಂದು ಗದರಿದರು. ಕ್ಷಮಿಸಿ, ಸುಳ್ಳಾದರೆ ತಡೆಯಿರಿ. ಅವಳು ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದಳು: "ಚೆನ್ನಾಗಿ ಬೈಸ್ಕೊಂಡೆ ಕಣ್ರೀ. ಹುಡುಗಿ ಮಾತ್ರ ಪಾಸು!"

ನನ್ನ ಬಸ್ಸಿನಲ್ಲಿ 'ಚಾಲಕರೊಂದಿಗೆ ಮಾತನಾಡಬೇಡಿ' ಎಂದು ಬರೆದಿದೆ. ಆದರೂ ಜನ ನನ್ನ ಬೆನ್ನ ಹಿಂದೆ ಕೂತು, ಮನೆಯವರಿಗೂ ಹೇಳದ್ದನ್ನು ಹೇಳುತ್ತಾರೆ. ಯಾಕೆ? ನಾನು ಅವರ ಮುಖ ನೋಡುವುದಿಲ್ಲವಲ್ಲ, ಅದಕ್ಕೆ. ನಾನೂ ಅದೇ ಜಾತಿಯವನೇ ಎನ್ನಿ. ಮದುವೆಯಾಗುತ್ತೀಯಾ ಎಂದು ಅವಳನ್ನು ಕೇಳಿದ್ದು ಸ್ಟೇರಿಂಗ್ ಹಿಡಿದುಕೊಂಡೇ. ಮುಂದಿನ ಸೀಟಿನಿಂದ ಉತ್ತರ ಬಂತು: "ತಿರುಗ್ಬೇಡಿ, ರಸ್ತೆ ನೋಡಿ. ಹೂಂ."

ಕೊನೆಗೆ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ನನಗೊಂದು ಕುರ್ಚಿ ಹಾಕಿಕೊಟ್ಟರು. ಅವಳ ಮುಖ ನೋಡುತ್ತಾ ಕೂತೆ. ಹೇಳಬೇಕಾದದ್ದು ಒಂದೂ ಬಾಯಿಗೆ ಬರಲಿಲ್ಲ. ಅವಳೇ ಹೇಳಿದಳು: "ಏಳಿ, ಆ ಕಿಟಕಿ ಹತ್ರ ಓಡಾಡಿ. ಆಮೇಲೆ ಬರುತ್ತೆ." ಎದ್ದೆ, ಓಡಾಡಿದೆ, ಹೇಳಿದೆ. ಏನು ಹೇಳಿದೆ ಎಂಬುದು ಈ ಸಭೆಗೆ ಬೇಡ. ಇಷ್ಟನ್ನೂ ಹೇಳಬೇಕೆಂದುಕೊಂಡಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಿನ್ನೆ ಆ ಹುಡುಗಿ ನನ್ನ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಮೂರು ಸ್ಟಾಪು ದಾಟಿದ ಮೇಲೆ ಕೇಳಿದಳು: "ಅಂಕಲ್, ಗುರುವಾರ ಕೊನೇ ವರ್ಷದ ಮೌಖಿಕ. ಮೇಡಂ ಇಲ್ಲ. ನನ್ನ ಜೊತೆ ಯಾರು ನಡೀತಾರೆ?"

"ಪ್ರಾಂಶುಪಾಲರನ್ನ ಕೇಳಿದ್ಯೇನಮ್ಮಾ?"

"ಕೇಳ್ದೆ. ಎಲ್ಲರಿಗೂ ಒಂದೇ ನಿಯಮ ಅಂದ್ರು. ಕೂತು ಉತ್ತರ ಹೇಳಕ್ಕಾಗದವಳು ನಾಳೆ ಕೆಲಸ ಹೇಗೆ ಮಾಡ್ತೀಯಾ ಅಂದ್ರು."

"ಫೇಲಾದ್ರೆ?"

"ಮನೇಲಿ ಓದು ಬಿಡಿಸ್ತಾರೆ. ಇವಳಿಗೆ ಇದೆಲ್ಲ ಯಾಕೆ ಅಂತ ಮೊದ್ಲಿಂದಾನೂ ಹೇಳ್ತಾನೇ ಇದಾರೆ."

ಇದನ್ನು ಇಲ್ಲಿ ಹೇಳಲು ಅವಳ ಒಪ್ಪಿಗೆ ಪಡೆದೇ ಬಂದಿದ್ದೇನೆ. "ಹೆಸರು ಬೇಡ, ಉಳಿದದ್ದೆಲ್ಲ ಜೋರಾಗಿ ಹೇಳಿ" ಎಂದಿದ್ದಾಳೆ. ಈ ಮೈಕು, ಈ ಚಪ್ಪಾಳೆ ಅವಳಿಗೆ ಆಗುವುದಿಲ್ಲ. ಅದಕ್ಕೇ ಅವಳು ಈ ಸಭೆಗೆ ಬಂದಿಲ್ಲ.

ಮಹನೀಯರೇ, ಕಾಡಿನ ಗಿಡಗಳನ್ನು ಗುರುತಿಸುವವರು ಕುರ್ಚಿ ಹೊತ್ತುಕೊಂಡು ಹೋಗುತ್ತಾರೆಯೇ? ನೀವು ಅಳೆಯಬೇಕಾದದ್ದು ಅವಳು ಕಲಿತದ್ದನ್ನೋ, ಕೂತದ್ದನ್ನೋ? ಕನ್ನಡಕ ಹಾಕಿಕೊಂಡ ಹುಡುಗನಿಗೆ 'ಎಲ್ಲರಿಗೂ ಒಂದೇ ನಿಯಮ, ತೆಗೆದಿಟ್ಟು ಬರೆ' ಎನ್ನುತ್ತೀರಾ? ಅವಳು ದಯೆ ಬೇಡುತ್ತಿಲ್ಲ. ಪ್ರಶ್ನೆ ಸುಲಭ ಮಾಡಿ ಎನ್ನುತ್ತಿಲ್ಲ. ಎಷ್ಟು ಕಠಿಣವಾದದ್ದಾದರೂ ಕೇಳಿ, ನಡೆಯುತ್ತಾ ಕೇಳಿ ಎನ್ನುತ್ತಿದ್ದಾಳೆ.

ನನ್ನ ಹೆಂಡತಿ ಬದುಕಿದ್ದಾಗ ಯಾವ ಕೆಲಸಕ್ಕೆ ಬೈದಿರೋ, ಸತ್ತ ಮೇಲೆ ಅದೇ ಕೆಲಸಕ್ಕೆ ಫಲಕ ಕೊಡುತ್ತಿದ್ದೀರಿ. ಕೊಡಿ. ಆದರೆ ಆ ಕೆಲಸವನ್ನು ಅವಳ ಜೊತೆಗೇ ಮಣ್ಣು ಮಾಡಿ, ಮೇಲೊಂದು ಫಲಕ ನೆಡುವುದಾದರೆ ಅದು ನನಗೆ ಬೇಡ. ಇಗೋ, ನೀವು ಕೈಗಿತ್ತದ್ದನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ಸಿಟ್ಟಿನಿಂದ ಇಟ್ಟೆ ಎಂದುಕೊಳ್ಳಬೇಡಿ ಎನ್ನಬೇಕು, ಆದರೆ ಸಿಟ್ಟಿನಿಂದಲೇ ಇಟ್ಟಿದ್ದೇನೆ.

ಗುರುವಾರ ನಾನು ರಜೆ ಹಾಕಿದ್ದೇನೆ. ಬೆಳಿಗ್ಗೆಯೇ ಬಂದು ಕಾರಿಡಾರಿನಲ್ಲಿ ನಿಂತಿರುತ್ತೇನೆ. ನನಗೆ ಸಸ್ಯಶಾಸ್ತ್ರ ಗೊತ್ತಿಲ್ಲ, ಪ್ರಶ್ನೆ ನೀವೇ ಕೇಳಬೇಕು. ಜೊತೆಗೆ ನಡೆಯಲು ನಿಮ್ಮಲ್ಲಿ ಯಾರಿಗೂ ಕಾಲು ಬರದಿದ್ದರೆ ನಾನು ನಡೆಯುತ್ತೇನೆ. ಆ ಹುಡುಗಿಯನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ ಸೊನ್ನೆ ಕೊಟ್ಟಿರೋ, ಈ ಫಲಕದಿಂದ ನನ್ನ ಹೆಂಡತಿಯ ಹೆಸರನ್ನು ಕೆರೆದು ತೆಗೆಯಿರಿ.

ಅವಳ ಪರೀಕ್ಷೆಯನ್ನು ನಡೆಯುತ್ತಾ ನಡೆಸುತ್ತೀರೋ ಇಲ್ಲವೋ, ಉತ್ತರ ಇಲ್ಲೇ, ಇಷ್ಟು ಜನರ ಎದುರೇ ಬೇಕು. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನಾನು ಋಣಿ. ಪ್ರಾಂಶುಪಾಲರೇ, ಮೈಕು ಬಿಟ್ಟುಕೊಡುತ್ತಿದ್ದೇನೆ, ಬನ್ನಿ. ಎಲ್ಲರಿಗೂ ನಮಸ್ಕಾರ.